ಮನವಿ ಪತ್ರದ ಜೊತೆ ಒಂದು ಪ್ರಶ್ನೆಯನ್ನೂ ಬರೆದುಕೊಡಿ

ನಮಸ್ಕಾರ. ಸಂಸದರನ್ನು ಕಾಣಲು ಹೋಗುವ ಕೊಡಗಿನ ಬೆಳೆಗಾರರಿಗೆ ಈ ಮಾತು: ಅವರು ಸಂಸತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನೀವೇ ಬರೆದುಕೊಡಿ. ಲೋಕಸಭೆಯಲ್ಲಿ ಹಣಕಾಸು ಸಚಿವಾಲಯದ ಪ್ರಶ್ನೆಗಳ ಸರದಿ ಸೋಮವಾರ, ರಾಜ್ಯಸಭೆಯಲ್ಲಿ ಮಂಗಳವಾರ. ಅಧಿವೇಶನದ ದಿನಗಳಲ್ಲಿ ರಾತ್ರಿ ಟಿವಿ ಹಾಕಿದರೆ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಎದ್ದು ನಿಂತು ಉತ್ತರಿಸುವ ಎರಡು ನಿಮಿಷದ ತುಣುಕು ಕಾಣುತ್ತದೆ, ಹಿಂದೆ ಒಂದಿಷ್ಟು ಗದ್ದಲ. ಅದನ್ನು ನೋಡಿ "ಅಲ್ಲಿ ಕೇಳಿ ಏನು ಪ್ರಯೋಜನ" ಅಂತ ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಜನ ಅಂದುಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಯೋಜನ ಇದೆ, ತುಂಬಾ ಇದೆ. ಆದರೆ ಅದು ಆ ಎರಡು ನಿಮಿಷದಲ್ಲಿ ಇಲ್ಲ, ಯಾರೂ ಓದದ ಲಿಖಿತ ಉತ್ತರಗಳಲ್ಲಿ ಇದೆ. ಆ ಉತ್ತರ ಗಟ್ಟಿಯಾಗಿರುತ್ತೋ ಪೊಳ್ಳಾಗಿರುತ್ತೋ ಅನ್ನೋದು ಪ್ರಶ್ನೆ ಬರೆದವರ ಕೈಯಲ್ಲೇ ಇರುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಎದ್ದು ಬಾಯಲ್ಲಿ ಉತ್ತರಿಸಬೇಕಾದದ್ದು. ಇಂಥವು ದಿನಕ್ಕೆ 20. ಕೇಳಿದ ಸದಸ್ಯರಿಗೆ ಎರಡು ಉಪಪ್ರಶ್ನೆಗೆ ಅವಕಾಶ ಇರುವುದರಿಂದ ಒಂದು ಗಂಟೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಮುಗಿಯುತ್ತವೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230, ಇವಕ್ಕೆ ಬರಹದಲ್ಲೇ ಉತ್ತರ. ಸದಸ್ಯರು ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಬಂದ ನೋಟಿಸುಗಳಲ್ಲಿ ಯಾರದ್ದು ಮೊದಲು ಅಂತ ಲಾಟರಿ ಎತ್ತುತ್ತಾರೆ. ಪ್ರಶ್ನೆ 150 ಪದ ಮೀರುವಂತಿಲ್ಲ. ಸರ್ಕಾರದ ಅಭಿಪ್ರಾಯ ಕೇಳುವಂತಿಲ್ಲ, "ಹೀಗಾದರೆ ಏನು ಮಾಡುತ್ತೀರಿ" ಅಂತ ಊಹೆಯ ಮೇಲೆ ಕೇಳುವಂತಿಲ್ಲ, ಸುಲಭವಾಗಿ ಸಿಗುವ ದಾಖಲೆಯಲ್ಲಿ ಇರುವುದನ್ನು ಕೇಳುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಪ್ರಶ್ನೆ ಸದನದವರೆಗೆ ಬರುವುದೇ ಇಲ್ಲ.

ಈಗ ಒಂದು ಲೀಟರ್ ಪೆಟ್ರೋಲ್ ತಗೊಳ್ಳಿ. "ಪೆಟ್ರೋಲ್ ತೆರಿಗೆಯಲ್ಲಿ ಕರ್ನಾಟಕಕ್ಕೆ ಎಷ್ಟು ಕೊಡುತ್ತೀರಿ" ಅಂತ ಕೇಳಿದರೆ, ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದ ತೆರಿಗೆಯ ಶೇ 41ರಷ್ಟನ್ನು ರಾಜ್ಯಗಳಿಗೆ ಹಂಚಲಾಗುತ್ತದೆ ಅಂತ ಉತ್ತರ ಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ 2025ರ ಏಪ್ರಿಲ್ 8ರಂದು 2 ರೂಪಾಯಿ ಏರಿಸಿದ ಮೇಲೆ ಲೀಟರಿಗೆ ಕೇಂದ್ರದ ಅಬಕಾರಿ ಸುಂಕ ಒಟ್ಟು 21 ರೂಪಾಯಿ 90 ಪೈಸೆ ಆಯಿತಲ್ಲ, ಅದನ್ನು ಬಿಡಿಸಿ ನೋಡಿ. ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ. ವಿಶೇಷ ಹೆಚ್ಚುವರಿ ಸುಂಕ 13 ರೂಪಾಯಿ, ಇದು ಸರ್‌ಚಾರ್ಜ್ ಲೆಕ್ಕಕ್ಕೆ ಸೇರುವುದು. ಕೃಷಿ ಮೂಲಸೌಕರ್ಯ ಸೆಸ್ ಎರಡೂವರೆ ರೂಪಾಯಿ. ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ. ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ಹಂಚಬೇಕಾಗಿಲ್ಲ ಅಂತ ಸಂವಿಧಾನದ 270 ಮತ್ತು 271ನೇ ವಿಧಿಗಳೇ ಹೇಳುತ್ತವೆ. ಹಾಗಾಗಿ ಹಂಚಿಕೆಗೆ ಬರುವುದು ಆ 1 ರೂಪಾಯಿ 40 ಪೈಸೆ ಮಾತ್ರ. ಅದರ ಶೇ 41 ಅಂದರೆ ಸುಮಾರು 57 ಪೈಸೆ, ಇದು ಎಲ್ಲಾ ರಾಜ್ಯಗಳಿಗೂ ಸೇರಿ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಕರ್ನಾಟಕಕ್ಕೆ ಗೊತ್ತುಮಾಡಿದ ಪಾಲು ಶೇ 3.647. ಆ 57 ಪೈಸೆಯಲ್ಲಿ ನಮ್ಮ ರಾಜ್ಯದ ಪಾಲು ಸುಮಾರು 2 ಪೈಸೆ.

2025ರ ಆ ದರದಲ್ಲಿ ಕುಶಾಲನಗರದ ಬಂಕಿನಲ್ಲಿ ಒಂದು ಲೀಟರ್ ಹಾಕಿಸಿದಾಗ ಕೇಂದ್ರಕ್ಕೆ ಹೋದ 21 ರೂಪಾಯಿ 90 ಪೈಸೆಯಲ್ಲಿ ತೆರಿಗೆ ಪಾಲಾಗಿ ಕರ್ನಾಟಕಕ್ಕೆ ತಿರುಗಿ ಬರುತ್ತಿದ್ದದ್ದು ಆ ಎರಡು ಪೈಸೆ. ರಾಜ್ಯ ಸರ್ಕಾರವೂ ತನ್ನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಏರಿಸಿಕೊಂಡಿದೆ ಅನ್ನೋದನ್ನೂ ಇಲ್ಲೇ ಹೇಳಬೇಕು. ಅದನ್ನು ಕೇಳಬೇಕಾದ ಜಾಗ ವಿಧಾನಸೌಧ. ಅಲ್ಲಿ 2025ರಲ್ಲಿ ಹಣಕಾಸು ಖಾತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲೇ ಇತ್ತು, ಆ ವರ್ಷದ ಮಾರ್ಚ್ 7ರಂದು ಅವರು ತಮ್ಮ 16ನೇ ಬಜೆಟ್ ಮಂಡಿಸಿದರು. ದೆಹಲಿಗೆ ಕೇಳಬೇಕಾದದ್ದು ಇಷ್ಟು: "ಪೆಟ್ರೋಲಿನ ಮೇಲಿನ ಮೂಲ ಸುಂಕ, ವಿಶೇಷ ಹೆಚ್ಚುವರಿ ಸುಂಕ ಮತ್ತು ಪ್ರತಿಯೊಂದು ಸೆಸ್‌ನಿಂದ ಕಳೆದ ಮೂರು ವರ್ಷಗಳಲ್ಲಿ ವರ್ಷವಾರು ಸಂಗ್ರಹವಾದ ಮೊತ್ತ ಎಷ್ಟು? ಅದರಲ್ಲಿ ಹಂಚಿಕೆಗೆ ಅರ್ಹವಾದ ಮೊತ್ತ ಎಷ್ಟು?" ಇದಕ್ಕೆ ಶೇ 41ರ ಸಾಲು ಉತ್ತರವಾಗುವುದಿಲ್ಲ, ಅಂಕಿಗಳ ಪಟ್ಟಿಯನ್ನೇ ಕೊಡಬೇಕಾಗುತ್ತದೆ.

ನಮ್ಮಲ್ಲಿ ಬಹಳ ಸಲ ಆಗುವ ತಪ್ಪು ಅಂದರೆ ಜಿಲ್ಲೆಯ ಲೆಕ್ಕ ಕೇಳುವುದು. "ಕೊಡಗಿನಿಂದ ಎಷ್ಟು ಆದಾಯ ತೆರಿಗೆ ಬರುತ್ತದೆ?" ಮಾಹಿತಿಯನ್ನು ಜಿಲ್ಲಾವಾರು ಇಡುವುದಿಲ್ಲ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಅದು ಮುಚ್ಚಿಡುವುದಲ್ಲ, ವ್ಯವಸ್ಥೆ ಇರುವುದೇ ಹಾಗೆ. ಆದಾಯ ತೆರಿಗೆ ಇಲಾಖೆಯಲ್ಲಿ ಕರ್ನಾಟಕ ಮತ್ತು ಗೋವಾ ಸೇರಿ ಒಂದೇ ವಲಯ. ಸೋಮವಾರಪೇಟೆಯ ಕಾಫಿ ಕೊಂಡು ರಫ್ತು ಮಾಡುವ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಗಿದ್ದರೆ ಅದರ ತೆರಿಗೆ ಬೆಂಗಳೂರಿನ ಲೆಕ್ಕಕ್ಕೇ ಹೋಗುತ್ತದೆ. ಅದಕ್ಕೇ ನಾನು ಪದೇಪದೇ ಹೇಳೋದು, ಸರ್ಕಾರದ ಫಾರಂನಲ್ಲಿ ಯಾವ ಕಾಲಂ ಈಗಾಗಲೇ ಇದೆಯೋ ಅದನ್ನೇ ಕೇಳಿ.

ಕಾಫಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಹಣ್ಣು ಕುಯ್ದು, ಪಲ್ಪರಿಗೆ ಹಾಕಿ ಹೊರಸಿಪ್ಪೆ ಬಿಡಿಸಿ, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ಮಾರಿದರೆ, ಇಲ್ಲವೇ ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾರಿದರೆ, ಅದು ಪೂರ್ತಿ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಮಾರಾಟಕ್ಕೆ ಸಿದ್ಧಮಾಡುವ ಕ್ಯೂರಿಂಗ್ ಅನ್ನೋದಕ್ಕೆ ಕಾನೂನು 1942ರ ಕಾಫಿ ಕಾಯ್ದೆಯ ಅರ್ಥವನ್ನೇ ತೆಗೆದುಕೊಳ್ಳುತ್ತದೆ, ಅದರಲ್ಲಿ ಪಲ್ಪಿಂಗ್ ಸೇರುವುದಿಲ್ಲ. ಅದೇ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿ, ಸಿಪ್ಪೆ ತೆಗೆಸಿ, ಕ್ಲೀನ್ ಕಾಫಿಯಾಗಿ ಬೆಳೆಗಾರನೇ ಮಾರಿದರೆ ಲಾಭದ ಶೇ 25 ವ್ಯಾಪಾರದ ಆದಾಯ, ಉಳಿದ 75 ಕೃಷಿಯದ್ದು. ಹುರಿದು ಪುಡಿ ಮಾಡಿ ಮಾರಿದರೆ ವ್ಯಾಪಾರದ ಭಾಗ ಶೇ 40ಕ್ಕೆ ಏರುತ್ತದೆ, ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ ಅಷ್ಟೇ. 1962ರ ಆದಾಯ ತೆರಿಗೆ ನಿಯಮಗಳಲ್ಲಿ 7ಬಿ ಅಂತ ತೋಟದವರಿಗೆ ಪರಿಚಯವಾದ ನಿಯಮ ಇದು. ಕ್ಲೀನ್ ಕಾಫಿ ಮಾರಿ 20 ಲಕ್ಷ ಲಾಭ ಬಂದರೆ 5 ಲಕ್ಷ ವ್ಯಾಪಾರದ ಆದಾಯ. ಆ 5 ಲಕ್ಷದ ಮೇಲೆ ತೆರಿಗೆ ಲೆಕ್ಕ ಹಾಕುವಾಗ, ಯಾವ ದರ ಅನ್ನೋದನ್ನು ಗೊತ್ತುಮಾಡಲು ಉಳಿದ 15 ಲಕ್ಷವನ್ನೂ ಸೇರಿಸಿ ನೋಡುತ್ತಾರೆ. ಹೋಂಸ್ಟೇ ಆದಾಯವೂ ಇರುವ ಮನೆಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಪುಡಿ ಮಾಡಿ ಸ್ವಂತ ಹೆಸರಲ್ಲಿ ಮಾರುವ ಸಣ್ಣ ಬೆಳೆಗಾರನಿಗೆ ಶೇ 40 ನ್ಯಾಯವೇ ಅನ್ನೋದು ಚರ್ಚೆಯಾಗಲೇಬೇಕು. ನನ್ನ ಪ್ರಕಾರ ನ್ಯಾಯವಲ್ಲ. ಮೌಲ್ಯವರ್ಧನೆ ಮಾಡಿ ಅಂತ ಒಂದು ಕಡೆ ಹೇಳಿ, ಮಾಡಿದವನ ತೆರಿಗೆಯ ಪಾಲನ್ನು ಇನ್ನೊಂದು ಕಡೆ ಏರಿಸಬಾರದು. ಆದರೆ "ಈ ನಿಯಮ ರದ್ದು ಮಾಡುತ್ತೀರಾ" ಅಂತ ಕೇಳಿದರೆ "ಸದ್ಯಕ್ಕೆ ಅಂತಹ ಪ್ರಸ್ತಾವನೆ ಇಲ್ಲ" ಅನ್ನುವ ಸಾಲು ಬಂದು ವಿಷಯ ಅಲ್ಲಿಗೆ ಮುಗಿಯುತ್ತದೆ. ವ್ಯಾಪಾರದ ಆದಾಯ ಇರುವವರು ತುಂಬುವ ರಿಟರ್ನ್ ಫಾರಂನಲ್ಲಿ ಕ್ಯೂರಿಂಗ್ ಮಾಡಿ ಮಾರಿದವರಿಗೆ ಒಂದು ಸಾಲು, ಹುರಿದು ಪುಡಿ ಮಾಡಿ ಮಾರಿದವರಿಗೆ ಬೇರೆ ಸಾಲು ಇದೆ. ಅಂದರೆ ಲೆಕ್ಕ ಇಲಾಖೆಯ ಕಂಪ್ಯೂಟರಿನಲ್ಲೇ ಕೂತಿದೆ. "ಈ ಎರಡು ಸಾಲುಗಳಲ್ಲಿ ಆದಾಯ ತೋರಿಸಿದವರು ವರ್ಷವಾರು ಎಷ್ಟು ಜನ, ತೋರಿಸಿದ ಮೊತ್ತ ಎಷ್ಟು" ಅಂತ ಕೇಳಿ. ಆಗ ಮಾಹಿತಿ ಇಟ್ಟಿಲ್ಲ ಅನ್ನಲು ದಾರಿ ಇರುವುದಿಲ್ಲ. ಬರುವ ಮೊತ್ತ ಸಣ್ಣದಾದರೆ, ವಿನಾಯಿತಿ ಕೊಟ್ಟರೆ ಬೊಕ್ಕಸಕ್ಕೆ ಆಗುವ ನಷ್ಟವೂ ಅಷ್ಟೇ ಸಣ್ಣದು ಅನ್ನುವ ವಾದ ನಿಮ್ಮ ಕೈಗೆ ಸಿಗುತ್ತದೆ.

ಜಿಎಸ್‌ಟಿ ಪ್ರಶ್ನೆಗಳಿಗೆ ಬರುವ ಸಿದ್ಧ ಉತ್ತರ "ದರಗಳು ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ". ಇದೂ ನಿಜವೇ. ಮಂಡಳಿಯಲ್ಲಿ ಕೇಂದ್ರದ ಮತದ ತೂಕ ಮೂರನೇ ಒಂದು, ರಾಜ್ಯಗಳದ್ದು ಮೂರನೇ ಎರಡು, ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಹಾಗಾಗಿ ದರ ಇಳಿಸಿ ಅನ್ನುವ ಬದಲು, ಈ ವಸ್ತುವಿನ ಬಗ್ಗೆ ಕರ್ನಾಟಕ ಸರ್ಕಾರದಿಂದ ಪ್ರಸ್ತಾವನೆ ಬಂದಿದೆಯೇ, ಯಾವ ದಿನ ಬಂತು, ಯಾವ ಸಭೆಯ ಮುಂದೆ ಇಟ್ಟಿರಿ ಅಂತ ಕೇಳಬೇಕು. ಬೇಡಿಕೆ ಬೆಂಗಳೂರಿನಲ್ಲಿ ನಿಂತಿದೆಯೋ ದೆಹಲಿಯಲ್ಲೋ ಅನ್ನೋದು ಆಗ ಗೊತ್ತಾಗುತ್ತದೆ. ಈ ಮಂಡಳಿಯಿಂದ ನಮಗೆ ಏನೂ ದಕ್ಕಿಲ್ಲ ಅಂತಲೂ ಅಲ್ಲ. 2024ರ ಡಿಸೆಂಬರಿನ 55ನೇ ಸಭೆಯಲ್ಲಿ, ಹಸಿಯಾಗಿರಲಿ ಒಣಗಿಸಿದ್ದಾಗಿರಲಿ, ಬೆಳೆಗಾರನೇ ಮಾರುವ ಕರಿಮೆಣಸಿಗೆ ಜಿಎಸ್‌ಟಿ ಇಲ್ಲ ಅಂತ ಸ್ಪಷ್ಟಪಡಿಸಿದರು. ಮರಕ್ಕೊಂದು ಬಳ್ಳಿ ಹಬ್ಬಿಸಿರುವ ನಮ್ಮ ತೋಟಗಳಿಗೆ ಇದು ಸಣ್ಣ ವಿಷಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ದರ ಶೇ 18ರಿಂದ 5ಕ್ಕೆ ಇಳಿಯಿತು.

ಇನ್ನು ಖರ್ಚಿನ ಪ್ರಶ್ನೆಗಳು. ಇಲ್ಲಿ ಪದಗಳ ಮೇಲೆ ಕಣ್ಣಿಡಬೇಕು. ಹಂಚಿಕೆ ಬೇರೆ, ಬಿಡುಗಡೆ ಬೇರೆ, ವೆಚ್ಚ ಬೇರೆ. ಬಜೆಟ್ ಅಂದಾಜು ಫೆಬ್ರವರಿ 1ಕ್ಕೆ ಹೇಳಿದ್ದು, ಪರಿಷ್ಕೃತ ಅಂದಾಜು ಮುಂದಿನ ಬಜೆಟ್ ದಿನ ಹೇಳಿದ್ದು, ನಿಜವಾಗಿ ಖರ್ಚಾದದ್ದು ಅದಕ್ಕೂ ಒಂದು ವರ್ಷ ಆದ ಮೇಲೆ ಕಾಣಿಸುವುದು. 2025ರ ಬಜೆಟ್ ಪುಸ್ತಕದಲ್ಲಿ ಖರ್ಚಾದ ಲೆಕ್ಕ ಇದ್ದದ್ದು 2023-24ರದ್ದು. ಉತ್ತರದಲ್ಲಿ "ಒದಗಿಸಲಾಗಿದೆ" ಅಂತಿದ್ದರೆ ಯಾವ ಅಂಕಿ ಅಂತ ಹುಡುಕಿ. ಪ್ರಶ್ನೆಯಲ್ಲೇ ಮೂರನ್ನೂ ಬೇರೆಬೇರೆ ಕೇಳಿದ್ದರೆ ಹುಡುಕುವ ಕಷ್ಟವೇ ಇಲ್ಲ.

2018ರ ಆಗಸ್ಟಿನ ಭೂಕುಸಿತ ಆದಾಗಿನಿಂದ ಪರಿಹಾರದ ಮಾತು ಬಂದಾಗಲೆಲ್ಲ ಕೊಡಗಿನಲ್ಲಿ ಯಾರನ್ನು ಏನು ಕೇಳಬೇಕು ಅನ್ನುವ ಗೊಂದಲ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ಯಾವ ಬೆಳೆಗೆ ಎಷ್ಟು ಅನ್ನುವ ಮಾನದಂಡ ಗೃಹ ಸಚಿವಾಲಯದ್ದು. 2022ರಿಂದ 26ರ ಮಾನದಂಡದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಇತ್ತು, ಹೆಚ್ಚೆಂದರೆ 2 ಹೆಕ್ಟೇರಿಗೆ (ಸುಮಾರು 5 ಎಕರೆ), ಅದೂ ಮೂರರಲ್ಲಿ ಒಂದು ಭಾಗವಾದರೂ ಬೆಳೆ ಹಾನಿಯಾಗಿದ್ದರೆ. 8 ಎಕರೆ ತೋಟ ಪೂರ್ತಿ ಕೊಚ್ಚಿಹೋದರೂ ಈ ಲೆಕ್ಕದಲ್ಲಿ ಬೆಳೆಗೆ ಸಿಗುತ್ತಿದ್ದದ್ದು 45,000. ರೋಬಸ್ಟಾ ಗಿಡ ಮತ್ತೆ ನೆಟ್ಟು ಕಾಯಿ ಹಿಡಿಯಲು ವರ್ಷಗಳೇ ಬೇಕು, ಅಷ್ಟು ವರ್ಷದ ಬದುಕಿಗೆ ಈ ದುಡ್ಡು! ಈ ಮೊತ್ತ ಏಕೆ ಇಷ್ಟು ಕಡಿಮೆ ಅನ್ನುವ ಪ್ರಶ್ನೆ ವಿತ್ತ ಸಚಿವರಿಗೆ ಹೋದರೆ ವ್ಯರ್ಥ, ಅದು ಗೃಹ ಸಚಿವರಿಗೆ ಹೋಗಬೇಕು. ಕಂತು ಯಾವ ದಿನ ಬಿಡುಗಡೆಯಾಯಿತು ಅನ್ನುವುದು ಮಾತ್ರ ಹಣಕಾಸಿಗೆ. ಕಾಫಿ ಮಂಡಳಿಯ ಸಬ್ಸಿಡಿ ವಾಣಿಜ್ಯ ಸಚಿವಾಲಯದ್ದು. ಕೊಡಗಿನ ಪಾರಂಪರಿಕ ಹಿಡುವಳಿ ಭೂಮಿಯಾದ ಜಮ್ಮಾ ಬಾಣೆಯ ಕಂದಾಯ ದೆಹಲಿಯದ್ದೇ ಅಲ್ಲ.

ಕೆಲವೊಮ್ಮೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಉತ್ತರ ಬರುತ್ತದೆ. ಇದನ್ನು ಕಂಡು ಬೇಸರಪಟ್ಟು ಬಿಡಬೇಡಿ. ಆ ಸಾಲನ್ನು ಬರೆದ ಕ್ಷಣ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಈಡೇರಿತೋ ಇಲ್ಲವೋ ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಪ್ರಶ್ನೆಯ ಸಂಖ್ಯೆ, ಉತ್ತರದ ದಿನಾಂಕ, ಎರಡನ್ನೂ ಬರೆದಿಟ್ಟುಕೊಳ್ಳಿ.

ಮೈಸೂರು-ಕೊಡಗು ಕ್ಷೇತ್ರದ ಸಂಸದರನ್ನು ಬೆಳೆಗಾರರ ಸಂಘದವರು ಕಾಣಲು ಹೋಗುವಾಗ ಮನವಿ ಪತ್ರ ಇದ್ದೇ ಇರುತ್ತದೆ. ಅದರ ಹಿಂದೆ ಇನ್ನೊಂದು ಹಾಳೆ ಲಗತ್ತಿಸಿ: ಯಾವ ಸಚಿವಾಲಯ, ಯಾವ ಮೂರು ವರ್ಷ, ಯಾವ ಕಾಲಂ, 150 ಪದದೊಳಗೆ. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಅದು ಅವರ ಕೈ ಸೇರಬೇಕು. ಸಂಸತ್ತಿನ ವೆಬ್‌ಸೈಟಿನಲ್ಲಿ ಉತ್ತರ ಬಂದ ದಿನ ಪ್ರಿಂಟ್ ತೆಗೆದು ಸಂಘದ ನೋಟಿಸ್ ಬೋರ್ಡಿಗೆ ಹಾಕಿ.