ದಂಡನಾಯಕರ ನಕ್ಷೆಯಲ್ಲಿ ಕಾಣದ ಯುದ್ಧ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಕತೆಯನ್ನು ನಮ್ಮಲ್ಲಿ ಹೇಳುವ ರೂಢಿ ಬಹುಮಟ್ಟಿಗೆ ಒಂದೇ ಬಗೆಯದು. ಲಿಂಕನ್ ಅಧ್ಯಕ್ಷರಾದರು, ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೊರನಡೆದವು, ಉತ್ತರದ ದಂಡನಾಯಕ ಗ್ರಾಂಟ್ ಮತ್ತು ದಕ್ಷಿಣದ ದಂಡನಾಯಕ ಲೀ ಸೆಣಸಿದರು, ನಡುವೆ ಹೊರಟ ಒಂದು ಘೋಷಣೆಯಿಂದ ಗುಲಾಮರಿಗೆ ಬಿಡುಗಡೆ ಸಿಕ್ಕಿತು. ಈ ಕತೆಯಲ್ಲಿ ಗುಲಾಮರು ಬರೀ ಕಾಯುತ್ತ ಕುಳಿತವರು. ಆ ಯುದ್ಧ ನಿಜಕ್ಕೂ ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಿದಷ್ಟೂ ನನಗೆ ಈ ಕತೆ ತಲೆಕೆಳಗಾಗಿ ಕಾಣುತ್ತದೆ. ಗುಲಾಮಗಿರಿಯ ವಿರುದ್ಧದ ಯುದ್ಧವನ್ನು ಉತ್ತರದ ಸರ್ಕಾರ ಆರಂಭಿಸಲಿಲ್ಲ. ಗುಲಾಮರೇ ಆರಂಭಿಸಿ ಸರ್ಕಾರವನ್ನು ಅದರೊಳಕ್ಕೆ ಎಳೆದು ತಂದರು ಎಂಬುದು ನನ್ನ ವಾದ.

ಮೊದಲು ಕಾರಣದ ಮಾತನ್ನು ಮುಗಿಸಿಬಿಡೋಣ. ದಕ್ಷಿಣದವರು ರಾಜ್ಯಗಳ ಹಕ್ಕಿಗಾಗಿ ಹೋರಾಡಿದರೇ ಹೊರತು ಗುಲಾಮಗಿರಿಗಾಗಿ ಅಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅವರಿಗೆ ಉತ್ತರವನ್ನು ದಕ್ಷಿಣದ ನಾಯಕರೇ ಕೊಟ್ಟುಹೋಗಿದ್ದಾರೆ. 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾತನಾಡಿದ ದಕ್ಷಿಣ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ ಎಂಬ ತತ್ವದ ಮೇಲೆಯೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ನಿಂತಿದೆಯೆಂದು ತುಂಬಿದ ಸಭೆಯಲ್ಲಿ ಸಾರಿದರು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಎದುರು ಪಕ್ಷವಾದ ಉತ್ತರದ ಗುರಿ ಅಷ್ಟು ಸ್ಪಷ್ಟವಾಗಿರಲಿಲ್ಲ. 1861ರ ಜುಲೈನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಈ ಯುದ್ಧ ಒಕ್ಕೂಟವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಹೊರತು ಯಾವ ರಾಜ್ಯದ ಗುಲಾಮಗಿರಿಯನ್ನೂ ಅಳಿಸುವುದಕ್ಕಲ್ಲ ಎಂದು ನಿರ್ಣಯ ಮಾಡಿತು. ಮರುವರ್ಷದ ಆಗಸ್ಟ್‌ನಲ್ಲಿಯೂ ಲಿಂಕನ್, ಒಬ್ಬ ಗುಲಾಮನನ್ನೂ ಬಿಡುಗಡೆ ಮಾಡದೆ ಒಕ್ಕೂಟವನ್ನು ಉಳಿಸಬಹುದಾದರೆ ಹಾಗೆಯೇ ಮಾಡುತ್ತೇನೆಂದು ಪತ್ರಿಕೆಗೆ ಬರೆದರು. ಓಡಿಬಂದ ಗುಲಾಮರನ್ನು ಯಜಮಾನರಿಗೆ ಮರಳಿ ಒಪ್ಪಿಸಿದ ಅಧಿಕಾರಿಗಳು ಉತ್ತರದ ಸೇನೆಯಲ್ಲಿಯೇ ಇದ್ದರು.

ಈಗ ದಕ್ಷಿಣದ ಯುದ್ಧಯಂತ್ರವನ್ನು ಗಮನಿಸಿ. ಬೇರೆಯಾದ ಹನ್ನೊಂದು ರಾಜ್ಯಗಳಲ್ಲಿದ್ದ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಜನ ಗುಲಾಮರು. ಉತ್ತರದಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಜನ, ಹೆಚ್ಚಿನ ಕಾರ್ಖಾನೆ, ಹೆಚ್ಚಿನ ರೈಲುಹಳಿ. ಹಾಗಿದ್ದೂ ದಕ್ಷಿಣ ನಾಲ್ಕು ವರ್ಷ ನಿಂತದ್ದು ಹೇಗೆ? ತನ್ನ ಬಿಳಿಯ ಗಂಡಸರಲ್ಲಿ ಬಹುಪಾಲನ್ನು ಅದು ರಣರಂಗಕ್ಕೆ ಕಳಿಸಲು ಸಾಧ್ಯವಾದದ್ದು, ಹಿಂದೆ ಹೊಲದಲ್ಲಿ ಜೋಳ ಬೆಳೆಯುವವರು, ಕೋಟೆಗಳಿಗೆ ಮಣ್ಣು ಹೊರುವವರು, ಕಂದಕ ತೋಡುವವರು, ಬಂಡಿ ಹೊಡೆಯುವವರು, ದಕ್ಷಿಣದ ರಾಜಧಾನಿ ರಿಚ್ಮಂಡಿನ ಟ್ರೆಡೆಗರ್ ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸುವವರು ಗುಲಾಮರಾಗಿದ್ದುದರಿಂದ. 1862ರ ಅಕ್ಟೋಬರಿನಲ್ಲಿ ದಕ್ಷಿಣದ ಸರ್ಕಾರ ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ಸೇನಾ ಸೇವೆಯಿಂದ ವಿನಾಯಿತಿ ಕೊಟ್ಟಿತು. ಕಾವಲಿಲ್ಲದಿದ್ದರೆ ಆ ದುಡಿಮೆ ಉಳಿಯದೆಂದು ಅದಕ್ಕೆ ಗೊತ್ತಿತ್ತು. ಒಬ್ಬ ಗುಲಾಮ ತಪ್ಪಿಸಿಕೊಂಡು ಉತ್ತರದ ಸೇನೆಯನ್ನು ಸೇರಿದರೆ ದಕ್ಷಿಣಕ್ಕೆ ಒಬ್ಬ ಕಡಿಮೆಯಾಗುತ್ತಿದ್ದ, ಉತ್ತರಕ್ಕೆ ಒಬ್ಬ ಕೂಡುತ್ತಿದ್ದ. ದಂಡನಾಯಕರಿಗೆ ತಡವಾಗಿ ಹೊಳೆದ ಈ ಲೆಕ್ಕ ಗುಲಾಮರಿಗೆ ಮೊದಲ ತಿಂಗಳಲ್ಲಿಯೇ ಹೊಳೆದಿತ್ತು.

1861ರ ಮೇ 23ರ ರಾತ್ರಿ ವರ್ಜೀನಿಯಾದಲ್ಲಿ ಮೂವರು ಗುಲಾಮರು ದೋಣಿಯೇರಿ ಉತ್ತರದ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದರು. ಫ್ರಾಂಕ್ ಬೇಕರ್, ಷೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಎಂಬುದು ಅವರ ಹೆಸರು. ದಕ್ಷಿಣದ ಸೇನೆಯ ತೋಪಿನ ನೆಲೆಯೊಂದನ್ನು ಕಟ್ಟಲು ಅವರನ್ನು ದುಡಿಸಿಕೊಳ್ಳಲಾಗುತ್ತಿತ್ತು. ಮರುದಿನ ಯಜಮಾನನ ಪರವಾಗಿ ಒಬ್ಬ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆಂಬ ಅಮೆರಿಕದ ಕಾನೂನನ್ನು ಮುಂದಿಟ್ಟ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ವರ್ಜೀನಿಯಾ ತಾನು ಪರದೇಶವೆಂದು ಹೇಳಿಕೊಂಡ ಮೇಲೆ ಅಮೆರಿಕದ ಕಾನೂನು ಅದಕ್ಕೆ ಅನ್ವಯಿಸದು, ಶತ್ರು ತನ್ನ ಯುದ್ಧಕ್ಕೆ ಬಳಸುತ್ತಿದ್ದ ಸ್ವತ್ತನ್ನು ಜಪ್ತಿ ಮಾಡಿಕೊಳ್ಳುವ ಅಧಿಕಾರ ತನಗಿದೆ ಎಂದು ಉತ್ತರಿಸಿ ಅವರನ್ನು ಉಳಿಸಿಕೊಂಡ. ಮನುಷ್ಯರನ್ನು ಸ್ವತ್ತೆಂದೇ ಎಣಿಸಿದ ವಾದವಿದು. ಇದರಲ್ಲಿ ಔದಾರ್ಯ ಹುಡುಕಬೇಕಾಗಿಲ್ಲ. ಆದರೆ ಸುದ್ದಿ ಹಬ್ಬಿತು. ಕೆಲವೇ ವಾರಗಳಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನ ಆ ಕೋಟೆಯ ಬಾಗಿಲಲ್ಲಿ ನಿಂತರು. ಕಾಂಗ್ರೆಸ್ ಆ ಆಗಸ್ಟ್‌ನಲ್ಲಿ ಒಂದು ಕಾನೂನು, 1862ರ ಮಾರ್ಚ್ ಮತ್ತು ಜುಲೈನಲ್ಲಿ ಮತ್ತೆರಡು ಕಾನೂನು ಮಾಡಿ, ಹಂತಹಂತವಾಗಿ ಈ ಜನರ ಹಿಂದೆ ನಡೆಯಿತು. 1863ರ ಜನವರಿ 1ರಂದು ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆಯನ್ನು ಈ ನಡಿಗೆಯ ಕೊನೆಯಲ್ಲಿಟ್ಟು ಓದಬೇಕು.

ನೀವು ಒಬ್ಬ ವ್ಯಕ್ತಿಯನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ರಾಬರ್ಟ್ ಸ್ಮಾಲ್ಸ್‌ನನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಚಾರ್ಲ್‌ಸ್ಟನ್ ಬಂದರಿನಲ್ಲಿ ದಕ್ಷಿಣದ ಸೇನೆಗೆ ದುಡಿಯುತ್ತಿದ್ದ ‘ಪ್ಲಾಂಟರ್’ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದ ಗುಲಾಮ ಆತ. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ರಾತ್ರಿ ಊರೊಳಗೆ ಉಳಿದಿದ್ದಾಗ, ಸ್ಮಾಲ್ಸ್ ಮತ್ತು ಸಂಗಡಿಗರು ಹಡಗಿನ ಒಲೆ ಹೊತ್ತಿಸಿದರು. ಮತ್ತೊಂದು ಕಟ್ಟೆಯ ಬಳಿ ಅಡಗಿ ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲುಟೋಪಿಯನ್ನು ತಲೆಗಿಟ್ಟು, ಅವನಂತೆಯೇ ನಿಂತು, ಸಂಟರ್ ಕೋಟೆಯ ತೋಪುಗಳ ಮುಂದೆ ಸರಿಯಾದ ಶಿಳ್ಳೆಯ ಸಂಕೇತ ಕೊಟ್ಟು ದಾಟಿದ. ಸ್ವಲ್ಪ ಆತುರಪಟ್ಟಿದ್ದರೂ ಅನುಮಾನ ಬರುತ್ತಿತ್ತು. ತೋಪಿನ ಅಳತೆಯಿಂದ ಹೊರಬಿದ್ದ ಮೇಲೆ ಬಾವುಟ ಇಳಿಸಿ ಒಂದು ಬಿಳಿಯ ಹಾಸಿಗೆಬಟ್ಟೆಯನ್ನು ಮೇಲೇರಿಸಿ ಉತ್ತರದ ನೌಕಾಪಡೆಗೆ ಹಡಗನ್ನೂ ಅದರಲ್ಲಿದ್ದ ತೋಪುಗಳನ್ನೂ ಒಪ್ಪಿಸಿದ. ಅದಕ್ಕಿಂತ ಹೆಚ್ಚಾಗಿ, ಆ ಬಂದರಿನ ನೀರಿನ ಆಳ, ಕಾವಲುನೆಲೆಗಳು ಎಲ್ಲವೂ ಅವನ ತಲೆಯಲ್ಲಿದ್ದವು. ಮುಂದೆ ಆತ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನಾದ. ತಾನು ಗುಲಾಮನಾಗಿ ಹುಟ್ಟಿದ ಊರಿನಲ್ಲಿ ತನ್ನ ಹಳೆಯ ಯಜಮಾನನ ಮನೆಯನ್ನೇ ಕೊಂಡು ಬಾಳಿದ.

ಉಳಿದಂತೆ ರಣರಂಗದ ಕತೆ ನಿಮಗೆ ತಿಳಿದಿರುವಂಥದ್ದೇ. ದೂರದಿಂದ ಗುರಿ ಹೊಡೆಯುವ ರೈಫಲ್ಲುಗಳು ಬಂದಿದ್ದರೂ ಸೈನಿಕರು ಸಾಲುಗಟ್ಟಿಯೇ ಮುನ್ನುಗ್ಗುತ್ತಿದ್ದರು. 1862ರ ಸೆಪ್ಟೆಂಬರ್ 17ರಂದು ಆ್ಯಂಟಿಟಮ್ ಹಳ್ಳದ ಬಳಿ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಜನ. ಇಡೀ ಯುದ್ಧದಲ್ಲಿ ಗುಂಡಿಗೆ ಸತ್ತವರಿಗಿಂತ ಭೇದಿ, ಜ್ವರಗಳಿಗೆ ಸತ್ತವರು ಹೆಚ್ಚು.

ದಕ್ಷಿಣ ನಂಬಿದ್ದ ಇನ್ನೊಂದು ಆಯುಧ ಹತ್ತಿ. ತಮ್ಮ ಹತ್ತಿಯಿಲ್ಲದೆ ಇಂಗ್ಲೆಂಡಿನ ಗಿರಣಿಗಳು ನಿಂತು, ಬ್ರಿಟನ್ ತಮ್ಮ ಪಕ್ಷಕ್ಕೆ ಬರಲೇಬೇಕೆಂದು ಅವರು ಎಣಿಸಿದ್ದರು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಲ್ಯಾಂಕಷೈರಿನ ಗಿರಣಿ ಕೆಲಸಗಾರರು ಹಸಿದದ್ದು ನಿಜ, ಆದರೆ ಬ್ರಿಟನ್ ಭಾರತದ ಹತ್ತಿಯ ಕಡೆ ತಿರುಗಿತು. ಆ ಹೊತ್ತಿಗೆ ಧಾರವಾಡ ಸೀಮೆಯ ಎರೆಹೊಲಗಳಲ್ಲಿ, 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಬೀಜ ತರಿಸಿ ರೂಢಿಸಿದ್ದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಯುತ್ತಿತ್ತು. ನಮ್ಮ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ಮಾರುಕಟ್ಟೆಯಲ್ಲಿ ಕುಮಟಾ ಎಂಬುದೇ ಒಂದು ಬಗೆಯ ಹತ್ತಿಯ ಹೆಸರಾಗಿತ್ತು. ಯುದ್ಧದ ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದ 1865ರಲ್ಲಿ ಕುಸಿಯಿತು. ದಕ್ಷಿಣದ ಲೆಕ್ಕಾಚಾರ ತಪ್ಪಿದ್ದರಲ್ಲಿ ನಮ್ಮ ಎರೆಭೂಮಿಯ ರೈತನ ಬೆವರಿನ ಪಾಲೂ ಇದೆ.

ಇನ್ನು ಕೋವಿ ಹಿಡಿದವರ ಮಾತು. ಉತ್ತರದ ಭೂಸೇನೆಯಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಹೋರಾಡಿದರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿದ್ದವರೇ. 1863ರ ಜೂನ್ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಕಂಬೀ ನದಿಯಲ್ಲಿ ಹಿಂದೆ ತಾನೇ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಹ್ಯಾರಿಯೆಟ್ ಟಬ್‌ಮನ್ ದಾರಿ ತೋರಿದ ಕಪ್ಪು ಪಡೆ ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಗುಲಾಮರನ್ನು ಬಿಡಿಸಿ ತಂದಿತು. ಈ ಕಪ್ಪು ಸೈನಿಕರು ಶತ್ರುವಿನ ಜೊತೆಗೆ ತಮ್ಮ ಸರ್ಕಾರದೊಂದಿಗೂ ಹೋರಾಡಬೇಕಾಯಿತು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳ ಮತ್ತು ಮೇಲೆ ಬಟ್ಟೆಯ ಖರ್ಚು. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲಿಯೂ ಬಟ್ಟೆಗೆಂದು 3 ಡಾಲರ್ ಮುರಿತ. 1863ರ ಜುಲೈ 18ರಂದು ದಕ್ಷಿಣದ ವಶದಲ್ಲಿದ್ದ ವ್ಯಾಗ್ನರ್ ಕೋಟೆಯ ಗೋಡೆಗೆ ಎದೆಯೊಡ್ಡಿದ, ಕಪ್ಪು ಸೈನಿಕರ 54ನೆಯ ಮೆಸಾಚುಸೆಟ್ಸ್ ಪಡೆಯವರು ಆ ಸಂಬಳವನ್ನು ಮುಟ್ಟಲಿಲ್ಲ. ಕಡಿಮೆ ಬಿದ್ದ ಹಣವನ್ನು ತಾನೇ ತುಂಬುತ್ತೇನೆಂದು ಅವರ ರಾಜ್ಯ ಮುಂದೆ ಬಂದಾಗಲೂ ಬೇಡವೆಂದರು. ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದಾಗ ಹಾಗೆ ಬೇಡವೆನ್ನುವುದು ಕೋಟೆಯ ಮೇಲೆ ನುಗ್ಗುವುದಕ್ಕಿಂತ ಸಣ್ಣ ಧೈರ್ಯವೆಂದು ನಾನು ಭಾವಿಸುವುದಿಲ್ಲ. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನದ ಕಾನೂನು ಮಾಡಿತು.

ಸೆರೆ ಸಿಕ್ಕರೆ ಅವರಿಗೆ ಕಾದಿದ್ದು ಮರಳಿ ಗುಲಾಮಗಿರಿ ಅಥವಾ ಸಾವು. 1864ರ ಏಪ್ರಿಲ್ 12ರಂದು ಟೆನೆಸಿಯ ಪಿಲ್ಲೋ ಕೋಟೆಯಲ್ಲಿ ಶರಣಾಗಲು ಬಂದ ಕಪ್ಪು ಸೈನಿಕರನ್ನು ಕೊಂದುಹಾಕಲಾಯಿತು. ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ದಕ್ಷಿಣ ಒಪ್ಪದ ಕಾರಣ ಕೈದಿಗಳ ವಿನಿಮಯವೇ ಮುರಿದುಬಿತ್ತು. ಎರಡೂ ಕಡೆಯ ಸೆರೆಶಿಬಿರಗಳು ತುಂಬಿ ತುಳುಕಿ, ದಕ್ಷಿಣದ ಆಂಡರ್ಸನ್‌ವಿಲ್ ಶಿಬಿರವೊಂದರಲ್ಲಿಯೇ ಸುಮಾರು 13,000 ಉತ್ತರದ ಸೈನಿಕರು ಸತ್ತರು. ಗುಲಾಮಗಿರಿಯ ಪ್ರಶ್ನೆ ಈ ಯುದ್ಧದ ಎಷ್ಟು ಒಳಗೆ ಇಳಿದಿತ್ತೆಂದರೆ, ಬಿಳಿಯ ಕೈದಿಯ ಬದುಕು ಸಾವನ್ನು ಕೂಡ ಅದೇ ತೀರ್ಮಾನಿಸಿತು.

1864ರ ಆಗಸ್ಟ್‌ನಲ್ಲಿ, ವಿಮೋಚನೆಯ ನೀತಿಯನ್ನು ಕೈಬಿಟ್ಟು ಸಂಧಿ ಮಾಡಿಕೊಳ್ಳಬೇಕೆಂಬ ಒತ್ತಡ ಹೆಚ್ಚಿದಾಗ, ಕಪ್ಪು ಸೈನಿಕರು ಕಾಯುತ್ತಿರುವ ನೆಲೆಗಳನ್ನು ಬಿಟ್ಟುಕೊಟ್ಟರೆ ಮೂರು ವಾರದಲ್ಲಿ ಯುದ್ಧವನ್ನೇ ಬಿಡಬೇಕಾದೀತು ಎಂದು ಲಿಂಕನ್ ಹೇಳಿದರು. ಎರಡು ವರ್ಷ ಹಿಂದೆ ಒಬ್ಬನನ್ನೂ ಬಿಡುಗಡೆ ಮಾಡದೆ ಗೆಲ್ಲಬಹುದಾದರೆ ಗೆಲ್ಲುತ್ತೇನೆಂದಿದ್ದವರು ಇವರೇ. ಅವರನ್ನು ಬದಲಾಯಿಸಿದ್ದು ಆ ದೋಣಿಯಲ್ಲಿ ಬಂದವರಂಥ ಲಕ್ಷಾಂತರ ಜನ.

ದಕ್ಷಿಣವೂ ಕೊನೆಗೆ ಈ ಸತ್ಯಕ್ಕೆ ಮುಖಾಮುಖಿಯಾಯಿತು. ಸೈನಿಕರೇ ಸಿಗದಂತಾಗಿ ಗುಲಾಮರಿಗೆ ಕೋವಿ ಕೊಡುವ ಮಾತು ಎದ್ದಾಗ, ಜಾರ್ಜಿಯಾದ ಜನರಲ್ ಹೋವೆಲ್ ಕಾಬ್ 1865ರ ಜನವರಿಯಲ್ಲಿ, ಗುಲಾಮರು ಒಳ್ಳೆಯ ಸೈನಿಕರಾಗಬಲ್ಲರಾದರೆ ಗುಲಾಮಗಿರಿಯ ಕುರಿತ ನಮ್ಮ ಸಿದ್ಧಾಂತವೇ ತಪ್ಪು ಎಂದು ಬರೆದ. ಮಾರ್ಚ್‌ನಲ್ಲಿ ಕಾನೂನು ಬಂತು, ಆದರೆ ರಿಚ್ಮಂಡಿನಲ್ಲಿ ಬೆರಳೆಣಿಕೆಯ ಪಡೆಗಳ ಕವಾಯತಷ್ಟೇ ನಡೆಯಿತು. ಏಪ್ರಿಲ್ 3ರಂದು ಆ ರಾಜಧಾನಿಯನ್ನು ಮೊದಲು ಹೊಕ್ಕ ಉತ್ತರದ ಪಡೆಗಳಲ್ಲಿ ಕಪ್ಪು ಸೈನಿಕರಿದ್ದರು. 9ರಂದು ಲೀ ಶರಣಾದ. 11ರಂದು ಲಿಂಕನ್ ತಮ್ಮ ಕೊನೆಯ ಭಾಷಣದಲ್ಲಿ ಕಪ್ಪು ಸೈನಿಕರಿಗೆ ಮತದಾನದ ಹಕ್ಕು ಸಿಗಬೇಕೆಂಬ ಇಂಗಿತವನ್ನು ಬಹಿರಂಗವಾಗಿ ಹೇಳಿದರು. ಆ ಗುಂಪಿನಲ್ಲಿ ನಿಂತು ಕೇಳಿಸಿಕೊಂಡವರಲ್ಲಿ ಜಾನ್ ವಿಲ್ಕ್ಸ್ ಬೂತ್ ಒಬ್ಬ; ಮೂರು ದಿನಗಳ ನಂತರ ಆತ ಲಿಂಕನ್ನರಿಗೆ ಗುಂಡಿಟ್ಟ. ಗುಲಾಮಗಿರಿಯನ್ನು ಅಳಿಸಿದ, ಅಮೆರಿಕದ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಆ ಡಿಸೆಂಬರಿನಲ್ಲಿ ಜಾರಿಗೆ ಬಂತು, ಮತದಾನದ ಹಕ್ಕಿನ ಹದಿನೈದನೆಯದು 1870ರಲ್ಲಿ.