ಹೆಕಲ್: ನಾರಿನ ಬಾಚಣಿಕೆಯಿಂದ ಚುನಾವಣಾ ಸಭೆಗೆ

(ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಮಾತಾಡುತ್ತೇನೆ. ಆ ಪದ ಹೆಕಲ್. ನಿಮ್ಮ ಪಠ್ಯದಲ್ಲಿ ಅದು ಸಿಗುವುದು ಕಡಿಮೆ. ಇಂಗ್ಲಿಷ್ ಪೇಪರ್ ಓದುವವರಿಗೆ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ಮಂತ್ರಿಯೊಬ್ಬರು ಭಾಷಣ ಮಾಡುತ್ತಿದ್ದಾಗ ಜನ ಅವರನ್ನು ಹೆಕಲ್ ಮಾಡಿದರು ಅಂತ ಬರೆದಿರುತ್ತಾರೆ. ಡಿಕ್ಷನರಿ ತೆಗೆದರೆ, ಮಾತಾಡುವವರಿಗೆ ನಡುವೆ ಕೂಗಿ ಅಡ್ಡಿ ಮಾಡುವುದು, ಚುಚ್ಚು ಪ್ರಶ್ನೆ ಹಾಕಿ ಕಾಡುವುದು ಎಂಬಂಥ ಅರ್ಥ ಇರುತ್ತದೆ. ಅದು ಸರಿಯೇ, ಆದರೆ ಅರ್ಧ ಮಾತ್ರ. ಈ ಪದ ಹುಟ್ಟಿದ್ದು ಸಭೆಯಲ್ಲಲ್ಲ, ನಾರು ಬಾಚುವವರ ಕೈಯಲ್ಲಿ. ಅವರ ಕೆಲಸ ಏನು ಅಂತ ಗೊತ್ತಾದರೆ, ಹೆಕಲ್ ಅಂದರೆ ಬರೀ ಗಲಾಟೆಯಲ್ಲ ಅನ್ನುವುದೂ ಗೊತ್ತಾಗುತ್ತದೆ. ನಾನು ಹೇಳಬೇಕೆಂದು ಬಂದಿರುವುದು ಇಷ್ಟನ್ನೇ.

ಇದನ್ನು ಚಿತ್ರದುರ್ಗದಲ್ಲಿ ಹೇಳುವುದು ನನಗೆ ಖುಷಿ. ಯಾಕೆಂದರೆ ನಾರು, ನೂಲು, ಉಣ್ಣೆ ಇಲ್ಲಿಯವರಿಗೆ ಪುಸ್ತಕದ ವಿಷಯ ಅಲ್ಲ. ಚಳ್ಳಕೆರೆ ಕಡೆಯ ಕುರಿ ಕಂಬಳಿ ನಿಮಗೆ ಗೊತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಗೊತ್ತು. 1997ರವರೆಗೆ ದಾವಣಗೆರೆಯೂ ಇದೇ ಜಿಲ್ಲೆಯಲ್ಲಿತ್ತು, ಅಲ್ಲಿಯ ಹತ್ತಿ ಮಿಲ್ಲುಗಳಲ್ಲಿ ದುಡಿದವರು ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೇ ಇರಬಹುದು. ಬಿಲ್ಲು ಹಿಡಿದು ಹತ್ತಿ ಹಿಂಜಿ ಗಾದಿ ಹೊಲಿದುಕೊಡುವ ಪಿಂಜಾರರು ನಮ್ಮ ಊರೂರಲ್ಲೂ ಇದ್ದಾರೆ. ಕೈಗೆ ಗೊತ್ತಿರುವ ಕೆಲಸ ಕಿವಿಗೆ ಬಿದ್ದ ಪದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ ಅಂತ ನನ್ನ ನಂಬಿಕೆ.

ಮೊದಲು ಗಿಡದಿಂದ ಶುರು ಮಾಡೋಣ. ಅದು ಬೇರೆ ಯಾವುದೂ ಅಲ್ಲ, ನಮ್ಮ ಅಗಸೆ. ನಾವು ಬೀಜಕ್ಕಾಗಿ ಬೆಳೆಯುತ್ತೇವೆ. ಹುರಿದು, ಕುಟ್ಟಿ, ಚಟ್ನಿಪುಡಿ ಮಾಡಿ ರೊಟ್ಟಿ ಜೊತೆ ತಿನ್ನುತ್ತೇವೆ. ಯೂರೋಪಿನ ತಂಪು ದೇಶಗಳಲ್ಲಿ ಅದೇ ಗಿಡದ ಎತ್ತರದ ತಳಿಯನ್ನು ನಾರಿಗಾಗಿ ಬೆಳೆಯುತ್ತಾರೆ. ಲಿನನ್ ಬಟ್ಟೆ ಅಂತೀವಲ್ಲ, ಅದು ಅಗಸೆ ನಾರಿನದು. ಲ್ಯಾಟಿನ್ನಿನಲ್ಲಿ ಈ ಗಿಡಕ್ಕೆ ಲೀನಮ್ ಅಂತ ಹೆಸರು. ಇಂಗ್ಲಿಷಿನ ಲಿನನ್ ಇರಲಿ, ಅಂಗಿಯ ಒಳಗೆ ಹಾಕುವ ಲೈನಿಂಗ್ ಇರಲಿ, ಮರಕ್ಕೆ ಬಳಿಯುವ ಲಿನ್‌ಸೀಡ್ ಎಣ್ಣೆ ಇರಲಿ, ಎಲ್ಲದರ ಬೇರೂ ಇದರಲ್ಲೇ ಇದೆ.

ನಾರಿನ ಅಗಸೆಯನ್ನು ಕೊಯ್ಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಎಳೆ ಉದ್ದವಾಗಿ ಸಿಗಬೇಕಲ್ಲ, ಅದಕ್ಕೆ. ಬೀಜ ಉದುರಿಸಿ, ಕಟ್ಟು ಕಟ್ಟಿ ನೀರಲ್ಲಿ ಕೊಳೆ ಹಾಕುತ್ತಾರೆ. ನಮ್ಮಲ್ಲಿ ಪುಂಡಿಕಡ್ಡಿಯನ್ನು ಕೆರೆಯಲ್ಲಿ ನೆನೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರಲ್ಲ, ಹಾಗೆಯೇ. ವಾಸನೆಯೂ ಅಷ್ಟೇ ಕೆಟ್ಟದಾಗಿರುತ್ತದೆ. ಆಮೇಲೆ ಒಣಗಿಸಿ, ಕಡ್ಡಿ ಮುರಿದು, ಬಡಿದು, ಸಿಪ್ಪೆ ಹಾರಿಸುತ್ತಾರೆ. ಆಗ ಕೈಗೆ ಬರುವುದು ಸಿಕ್ಕು ಸಿಕ್ಕಾದ ಒಂದು ಕಂತೆ ನಾರು. ಅದರಲ್ಲಿ ಉದ್ದ ಎಳೆ, ತುಂಡು ಎಳೆ, ಉಳಿದ ಸಿಪ್ಪೆ, ಧೂಳು ಎಲ್ಲ ಸೇರಿರುತ್ತದೆ. ಅದನ್ನು ಹಾಗೇ ನೂತರೆ ನೂಲು ಗಂಟು ಗಂಟಾಗುತ್ತದೆ.

ಹೆಕಲ್ ಬರುವುದು ಇಲ್ಲಿ. ಅದು ಒಂದು ಸಲಕರಣೆಯ ಹೆಸರು. ಮರದ ದಪ್ಪ ಮಣೆ. ಅದರ ಮೇಲೆ ಸಾಲು ಸಾಲಾಗಿ ನೆಟ್ಟಗೆ ನಿಲ್ಲಿಸಿದ ಉದ್ದನೆಯ ಚೂಪು ಕಬ್ಬಿಣದ ಮುಳ್ಳುಗಳು. ಮಣೆಯನ್ನು ಬೆಂಚಿಗೆ ಭದ್ರವಾಗಿ ಬಿಗಿದಿರುತ್ತಾರೆ. ಕೆಲಸಗಾರ ಒಂದು ಹಿಡಿ ನಾರನ್ನು ಕೈಗೆ ಸುತ್ತಿಕೊಂಡು, ಬೀಸಿ ಮುಳ್ಳಿನ ಮೇಲೆ ಹಾಕಿ ತನ್ನ ಕಡೆ ಎಳೆಯುತ್ತಾನೆ. ಅಮ್ಮ ಮಗಳ ಸಿಕ್ಕುಗೂದಲು ಬಾಚುವಾಗ ಮೊದಲು ತುದಿ ಬಿಡಿಸಿಕೊಂಡು ಮೇಲೆ ಮೇಲೆ ಹೋಗುತ್ತಾಳಲ್ಲ, ಅದೇ ಕ್ರಮ. ಒಮ್ಮೆಗೇ ನಡುವಿನಿಂದ ಎಳೆದರೆ ಒಳ್ಳೆಯ ಎಳೆಯೂ ಹರಿದುಹೋಗುತ್ತದೆ. ಮೊದಲು ಮುಳ್ಳು ಅಗಲವಾಗಿ ನೆಟ್ಟ ಮಣೆ, ಆಮೇಲೆ ಒತ್ತಾಗಿ ನೆಟ್ಟ ಮಣೆ. ಕೊನೆಗೆ ಕೈಯಲ್ಲಿ ಉಳಿಯುವುದು ಹೊಳೆಯುವ ಉದ್ದ ಎಳೆ. ಅದು ಒಳ್ಳೆಯ ಲಿನನ್ನಿಗೆ. ಮುಳ್ಳಿನಲ್ಲಿ ಸಿಕ್ಕಿ ಉಳಿದ ತುಂಡು ನಾರಿಗೆ ಇಂಗ್ಲಿಷಿನಲ್ಲಿ ಟೋ ಅನ್ನುತ್ತಾರೆ. ಅದನ್ನೂ ಎಸೆಯುವುದಿಲ್ಲ, ಒರಟು ಬಟ್ಟೆಗೆ, ಹಗ್ಗಕ್ಕೆ ಬಳಸುತ್ತಾರೆ.

ಡಚ್ಚರು ಈ ಮಣೆಗೆ ಹೇಕಲ್ ಅನ್ನುತ್ತಾರೆ, ಜರ್ಮನ್ನರು ಹೆಖಲ್. ಕೊಕ್ಕೆ ಅನ್ನುವ ಅರ್ಥದ ಹುಕ್ ಕೂಡ ಇವುಗಳ ದೂರದ ನೆಂಟ. ಇಂಗ್ಲಿಷಿನಲ್ಲಿ ಮಧ್ಯಯುಗದಿಂದಲೇ ಹೆಕಲ್ ಇದೆ. ನೂರಾರು ವರ್ಷ ಅದಕ್ಕೆ ಇದ್ದದ್ದು ನಾರು ಬಾಚುವ ಅರ್ಥ ಒಂದೇ. ಮನುಷ್ಯರನ್ನು ಹೆಕಲ್ ಮಾಡುವ ಅರ್ಥ ಸ್ಕಾಟ್ಲೆಂಡಿನಲ್ಲಿ ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಕಾಣಿಸಿಕೊಂಡಿತು. ಒಬ್ಬನ ಮಾತಿನ ಸಿಕ್ಕು ಬಿಡಿಸುವ ಹಾಗೆ, ಎಲ್ಲಿ ಟೊಳ್ಳಿದೆ ಅಂತ ಹೊರಗೆ ಬರುವ ಹಾಗೆ, ಬಿಡದೆ ಪ್ರಶ್ನೆ ಕೇಳುವುದು ಅದರ ಅರ್ಥ. ಸ್ಕಾಟ್ಲೆಂಡಿನಲ್ಲಿ ಪಾರ್ಲಿಮೆಂಟಿಗೆ ನಿಂತವರನ್ನು ಜನ ಬಹಿರಂಗ ಸಭೆಯಲ್ಲಿ ಹೀಗೆ ಪ್ರಶ್ನಿಸುವುದಕ್ಕೆ ಹೆಕ್ಲಿಂಗ್ ಅನ್ನುವ ಹೆಸರೇ ನಿಂತಿತು. ಡಚ್ಚಿನಲ್ಲೂ ಹೇಕಲನ್ ಅಂದರೆ ಕಟುವಾಗಿ ಟೀಕಿಸುವುದು. ಬಾಚಣಿಕೆ ನೋಡಿದವರಿಗೆಲ್ಲ ಒಂದೇ ಯೋಚನೆ ಬಂದಿದೆ.

ಇಂಗ್ಲಿಷಿಗೆ ಈ ಅರ್ಥ ಬಂದ ಕಥೆಯಲ್ಲಿ ಡಂಡಿ ಊರಿನ ಹೆಸರು ಯಾವಾಗಲೂ ಬರುತ್ತದೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಊರು ಅದು. ಬಾಲ್ಟಿಕ್ ಸಮುದ್ರದ ಕಡೆಯಿಂದ ಹಡಗಿನಲ್ಲಿ ಅಗಸೆ ನಾರು ಬಂದು ಇಳಿಯುತ್ತಿತ್ತು. ಅದನ್ನು ಬಾಚುವವರೇ ಹೆಕ್ಲರ್‌ಗಳು. ಇವರು ಕಸುಬು ಬಲ್ಲವರು. ಇವರು ಕೈ ಕಟ್ಟಿ ಕೂತರೆ ನೂಲುವವರಿಗೂ ಕೆಲಸವಿಲ್ಲ, ನೇಯುವವರಿಗೂ ಇಲ್ಲ. ಹಾಗಾಗಿ ಮಾಲೀಕರ ಎದುರು ನಿಂತು ಮಾತಾಡುವ ಧೈರ್ಯ ಇವರಿಗಿತ್ತು. ಒಬ್ಬ ಆ ದಿನದ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುವುದು, ಉಳಿದವರು ನಾರು ಎಳೆಯುತ್ತಲೇ ಕೇಳುವುದು, ನಡುನಡುವೆ ಅವನನ್ನು ನಿಲ್ಲಿಸಿ ವಾದ ಮಾಡುವುದು ಅಲ್ಲಿ ರೂಢಿಯಾಗಿತ್ತಂತೆ. ಕೈ ಬಾಚುವ ಕೆಲಸದಲ್ಲಿ, ಬಾಯಿ ಸುದ್ದಿಯ ಸಿಕ್ಕು ಬಿಡಿಸುವುದರಲ್ಲಿ. ಆ ಕಾಲದಲ್ಲಿ ಬ್ರಿಟನ್ನಿನ ಹೆಚ್ಚಿನ ಕೂಲಿಕಾರರಿಗೆ ಮತ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. 1832, 1867, 1884ರ ಕಾನೂನುಗಳಿಂದ ಹಂತ ಹಂತವಾಗಿ ಹೆಚ್ಚು ಹೆಚ್ಚು ಗಂಡಸರಿಗೆ ಮತ ಬಂತು. ಅಲ್ಲಿಯವರೆಗೆ ಕೂಲಿಯವನ ಕೈಯಲ್ಲಿ ಇದ್ದದ್ದು ಪ್ರಶ್ನೆ ಮಾತ್ರ.

ಆ ಕೆಲಸದ ಕಷ್ಟವನ್ನೂ ಹೇಳಬೇಕು. ಬಾಚುವಾಗ ಏಳುವ ಧೂಳು ಎದೆಗೆ ಹೋಗಿ ಕೂರುತ್ತದೆ. ಅಗಸೆ ನಾರು, ಸೆಣಬಿನ ಹಾಗೆ ನಾರು ಕೊಡುವ ಹೆಂಪ್, ಹತ್ತಿ, ಮೂರರ ಧೂಳೂ ಅದೇ ಉಸಿರಿನ ಕಾಯಿಲೆ ತರುತ್ತದೆ. ಡಾಕ್ಟರರು ಅದನ್ನು ಬಿಸಿನೋಸಿಸ್ ಅನ್ನುತ್ತಾರೆ. ದಾವಣಗೆರೆಯ ಮಿಲ್ಲು ನೋಡಿದವರಿಗೆ ಈ ಕೆಮ್ಮನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಲ್ಲಿನ ದುಡಿಮೆ ಜನರನ್ನು ರಾಜಕೀಯಕ್ಕೆ ತರುವುದೂ ಡಂಡಿಗೆ ಮಾತ್ರ ಸೇರಿದ್ದಲ್ಲ. ಕಾರ್ಮಿಕ ನಾಯಕ ಪಂಪಾಪತಿ ಅವರನ್ನು ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಕಳಿಸಿದ ಊರು ದಾವಣಗೆರೆ.

ಡಂಡಿಗೆ ಮುಂದೆ ಬಂಗಾಳದ ಸೆಣಬು ಬಂತು. ಗೋಣಿಚೀಲದ ಬಟ್ಟೆ ನೇಯುವುದರಲ್ಲಿ ಅದು ಲೋಕಕ್ಕೇ ಹೆಸರಾಯಿತು. ಇಂಗ್ಲಿಷಿನ ಗನ್ನಿ ನಮ್ಮ ಗೋಣಿಯ ಬಳಗದ್ದೇ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1905ರ ಅಕ್ಟೋಬರ್ 13, ಮ್ಯಾಂಚೆಸ್ಟರ್. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತೀವಲ್ಲ, ಆ ಮೂಲ ಮ್ಯಾಂಚೆಸ್ಟರ್. ಅಲ್ಲಿಯ ಫ್ರೀ ಟ್ರೇಡ್ ಹಾಲ್‌ನಲ್ಲಿ ಲಿಬರಲ್ ಪಕ್ಷದ ದೊಡ್ಡ ಸಭೆ. ವೇದಿಕೆಯ ಮೇಲೆ ಆ ಪಕ್ಷದ ಮುಖಂಡ ಸರ್ ಎಡ್ವರ್ಡ್ ಗ್ರೇ. ಸಭಿಕರ ನಡುವೆ ಇಬ್ಬರು ಯುವತಿಯರು, ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಮತ್ತು ಆ್ಯನಿ ಕೆನಿ. ಆ್ಯನಿ ಹತ್ತನೇ ವಯಸ್ಸಿಗೇ ಹತ್ತಿ ಮಿಲ್ಲು ಸೇರಿದವಳು. ಯಂತ್ರಕ್ಕೆ ಸಿಕ್ಕಿ ಒಂದು ಬೆರಳು ಕಳೆದುಕೊಂಡವಳು. ಅವರು ಕೇಳಿದ್ದು ಒಂದೇ ಪ್ರಶ್ನೆ: ಲಿಬರಲ್ ಸರ್ಕಾರ ಬಂದರೆ ಹೆಂಗಸರಿಗೆ ಮತ ಕೊಡುತ್ತದಾ? ಉತ್ತರ ಬರಲಿಲ್ಲ. ಚೀಟಿಯಲ್ಲಿ ಬರೆದು ಕಳಿಸಿದರು. ಆಗಲೂ ಬರಲಿಲ್ಲ. ಮತ್ತೆ ಎದ್ದು ಕೇಳಿದರು. ಇಬ್ಬರನ್ನೂ ಎಳೆದು ಹೊರಗೆ ಹಾಕಿದರು. ಕೇಸಾಯಿತು. ದಂಡ ಕಟ್ಟುವುದಿಲ್ಲ ಅಂದರು. ಕ್ರಿಸ್ಟಬೆಲ್‌ಗೆ ಏಳು ದಿನ, ಆ್ಯನಿಗೆ ಮೂರು ದಿನ ಜೈಲು.

ಇಡೀ ಸಭೆಯಲ್ಲಿ ನೇರವಾಗಿದ್ದ ಮಾತು ಯಾವುದು? ನನಗಂತೂ ಆ ಪ್ರಶ್ನೆಯೇ. ಹೌದು ಅಥವಾ ಇಲ್ಲ ಅಂದಿದ್ದರೆ ಸಾಕಿತ್ತು. ಅವರು ಭಾಷಣ ಕೆಡಿಸಿದರು ಅಂತ ಆಗ ಅಂದವರಿದ್ದರು. ಆ್ಯನಿ ಮಾಡಿದ್ದು ಡಂಡಿಯ ಬಾಚುವವರ ಕೆಲಸವನ್ನೇ ಅಂತ ನಾನು ಹೇಳುತ್ತೇನೆ. ಬ್ರಿಟನ್ನಿನಲ್ಲಿ 1918ರಲ್ಲಿ ಮೂವತ್ತು ದಾಟಿದ ಕೆಲವು ಹೆಂಗಸರಿಗೆ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೆ ಮತ ಸಿಕ್ಕಿತು.

ಮ್ಯಾಂಚೆಸ್ಟರಿನ ಆ ಸಭೆಯಾದ ಮೂರು ವರ್ಷದ ನಂತರ, 1908ರಲ್ಲಿ, ಅದೇ ಡಂಡಿಯಲ್ಲಿ ಉಪಚುನಾವಣೆ. ನಿಂತವರು ವಿನ್‌ಸ್ಟನ್ ಚರ್ಚಿಲ್. ಮೇರಿ ಮಲೋನಿ ಅನ್ನುವ ಹೋರಾಟಗಾರ್ತಿ ಅವರು ಹೋದಲ್ಲೆಲ್ಲ ಹೋಗಿ ಗಂಟೆ ಬಾರಿಸಿದಳು. ಹೆಂಗಸರ ಹೋರಾಟದ ಬಗ್ಗೆ ಆಡಿದ ಮಾತಿಗೆ ಚರ್ಚಿಲ್ ಕ್ಷಮೆ ಕೇಳಬೇಕು ಅನ್ನುವುದು ಅವಳ ಪಟ್ಟು. ಅವಳ ಸಿಟ್ಟಿಗೆ ಕಾರಣ ಇತ್ತು, ಅದನ್ನು ಒಪ್ಪುತ್ತೇನೆ. ಆದರೂ ಗಂಟೆಯ ಸದ್ದಿಗೂ ಆ್ಯನಿಯ ಪ್ರಶ್ನೆಗೂ ವ್ಯತ್ಯಾಸ ಇದೆ. ಪ್ರಶ್ನೆ ಎದುರಿನವನಿಂದ ಮಾತು ಹೊರಡಿಸುತ್ತದೆ. ಗಂಟೆ ಮಾತನ್ನು ಮುಳುಗಿಸುತ್ತದೆ. ಇವತ್ತಿನ ಡಿಕ್ಷನರಿ ಎರಡನ್ನೂ ಹೆಕಲ್ ಅಂತಲೇ ಕರೆಯುತ್ತದೆ. ಹಳೆಯ ಅರ್ಥ ತಿಳಿದವರು ಎರಡನ್ನೂ ಬೇರೆ ಬೇರೆಯಾಗಿ ನೋಡಬಲ್ಲರು. ಚರ್ಚಿಲ್ ಆ ಚುನಾವಣೆ ಗೆದ್ದರು. 1922ರಲ್ಲಿ ಅದೇ ಡಂಡಿ ಅವರನ್ನು ಸೋಲಿಸಿತು.

ಹೆಕಲ್‌ಗೆ ಅಕ್ಕಪಕ್ಕದ ಇನ್ನೊಂದು ಪದವನ್ನು ಹೇಳದೆ ಮುಂದೆ ಹೋಗಲಾರೆ. ಅದು ಟೀಸ್. ಅದೂ ಉಣ್ಣೆಯಿಂದ ಬಂದದ್ದೇ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸುವುದು, ಅಂದರೆ ನಮ್ಮ ಹಿಂಜುವುದು. ಕೀಟಲೆ ಮಾಡು ಅನ್ನುವ ಅರ್ಥ ಹದಿನೇಳನೇ ಶತಮಾನದ್ದು. ನಮ್ಮ ದೇಶದಲ್ಲಿ ಈವ್ ಟೀಸಿಂಗ್ ಅಂತ ಒಂದು ಮಾತು ಮಾಡಿಕೊಂಡಿದ್ದೇವೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಗೆ ಕೊಡುವ ಹಿಂಸೆಗೆ ಅದು ತೀರಾ ಹಗುರವಾದ ಹೆಸರು. ಅದನ್ನು ಕಿರುಕುಳ ಅಂತಲೇ ಬರೆಯಿರಿ.

ಇನ್ನು ಬಳಕೆ. ಹೆಕಲ್ ಮಾಡುವುದು ವ್ಯಕ್ತಿಯನ್ನು. ‘ದಿ ಕ್ರೌಡ್ ಹೆಕಲ್ಡ್ ದಿ ಮಿನಿಸ್ಟರ್’ ಅಂದರೆ ಮುಗಿಯಿತು, ನಡುವೆ ‘ಎಟ್’ ಬೇಡ. ‘ಬೂ’ ಅನ್ನುವುದು ಬೇರೆ, ಅದರಲ್ಲಿ ಮಾತಿಲ್ಲ, ಬರೀ ಸದ್ದು. ‘ಜಿಯರ್’ ಅಂದರೆ ಗೇಲಿ. ಚೌಕಾಸಿ ಮಾಡುವ ‘ಹ್ಯಾಗಲ್’ ಜೊತೆ ಇದನ್ನು ಕಲಸಬೇಡಿ, ಅದರ ವಂಶವೇ ಬೇರೆ. ‘ಹ್ಯಾಕಲ್’ ಮಾತ್ರ ಇದರ ಒಡಹುಟ್ಟು. ಹುಂಜ ಜಗಳಕ್ಕೆ ನಿಂತಾಗ ಕತ್ತಿನ ಸುತ್ತ ನಿಗುರುವ ಉದ್ದ ಗರಿಗಳಿಗೂ ಆ ಹೆಸರಿದೆ. ‘ಬ್ಯಾರಕ್’ ಅಂತ ಇನ್ನೊಂದು ಕ್ರಿಯಾಪದ ಇದೆ, ಕ್ರಿಕೆಟ್ ವರದಿಗಳಲ್ಲಿ ಸಿಗುತ್ತದೆ. ಇಂಗ್ಲೆಂಡಿನವರು ಅದನ್ನು ಕೂಗಿ ಕಾಡುವುದಕ್ಕೆ ಬಳಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಒಂದು ತಂಡಕ್ಕೆ ‘ಬ್ಯಾರಕ್ ಫಾರ್’ ಅಂದರೆ ಅದನ್ನು ಬೆಂಬಲಿಸುವುದು. ಯಾರು ಬರೆದದ್ದು ಅಂತ ನೋಡಿಕೊಂಡು ಓದಬೇಕು.

ಕನ್ನಡಕ್ಕೆ ತರುವಾಗ ಏನು ಮಾಡೋಣ? ಬರೀ ಕೂಗಾಟವಾಗಿದ್ದರೆ ‘ಅಡ್ಡಿಪಡಿಸಿದರು’ ಸಾಕು. ‘ತರಾಟೆಗೆ ತೆಗೆದುಕೊಂಡರು’ ಅಂತ ಪೇಪರಿನವರು ಬರೆಯುತ್ತಾರೆ. ಅದು ಎಲ್ಲ ಕಡೆ ಹೊಂದುವುದಿಲ್ಲ. ಮೇಲಧಿಕಾರಿ ಗುಮಾಸ್ತನನ್ನು ತರಾಟೆಗೆ ತೆಗೆದುಕೊಳ್ಳಬಹುದು, ಹೆಕಲ್ ಮಾಡಲಾರ. ಹೆಕಲ್ ಯಾವಾಗಲೂ ಕೆಳಗೆ ಕೂತವರಿಂದ ವೇದಿಕೆಯ ಕಡೆಗೆ ಹೋಗುತ್ತದೆ. ಕೋರ್ಟಿನ ‘ಪಾಟೀಸವಾಲು’ ಹಳೆಯ ಸ್ಕಾಟಿಷ್ ಅರ್ಥಕ್ಕೆ ಹತ್ತಿರ ಇದೆ, ಆದರೆ ಅದರಲ್ಲಿ ಕರಿ ಕೋಟಿನ ವಾಸನೆ ಜಾಸ್ತಿ. ಗ್ರಾಮಸಭೆಯಲ್ಲಿ ಅಧ್ಯಕ್ಷರು ಹೊಸ ಯೋಜನೆ ಓದುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ‘ಹೋದ ವರ್ಷ ಮಾಡ್ತೀವಿ ಅಂದಿದ್ದ ಚರಂಡಿ ಎಲ್ಲೈತಪ್ಪ? ಅದನ್ನ ಮೊದ್ಲು ಹೇಳು’ ಅನ್ನುತ್ತಾಳೆ ಅಂತಿಟ್ಟುಕೊಳ್ಳಿ. ಇಂಗ್ಲಿಷ್ ವರದಿಗಾರ ಅದನ್ನು ಹೆಕಲ್ಡ್ ಅಂತ ಬರೆಯುತ್ತಾನೆ. ಅದನ್ನು ಕನ್ನಡಕ್ಕೆ ತರುವವರು ‘ಅಜ್ಜಿ ಅಡ್ಡಿಪಡಿಸಿದಳು’ ಅಂತ ಬರೆದರೆ ಅವಳಿಗೆ ಅನ್ಯಾಯ. ನಾನಾದರೆ ‘ಅಜ್ಜಿ ಅಧ್ಯಕ್ಷರನ್ನು ನಿಲ್ಲಿಸಿ ಕೇಳಿದಳು’ ಅಂತ ಬರೆಯುತ್ತೇನೆ.