ಮೊದಲ ರೈಲು ಮೆಜೆಸ್ಟಿಕ್‌ಗೆ ಯಾಕೆ ಬರಲಿಲ್ಲ? ಬೆಂಗಳೂರು ಸಿಟಿ ಸ್ಟೇಷನ್ನಿನ ಕಥೆ

ನಮಸ್ಕಾರ! ಕಾಮೆಂಟಿನಲ್ಲಿ ಒಂದು ಒಳ್ಳೇ ಪ್ರಶ್ನೆ ಬಂದಿತ್ತು. ಬೆಂಗಳೂರಿನ ದೊಡ್ಡ ಸ್ಟೇಷನ್ ಇರೋದು ಮೆಜೆಸ್ಟಿಕ್ಕಿನಲ್ಲಿ. ಹಾಗಿದ್ದರೆ ಊರಿನ ಮೊದಲ ರೈಲು ಕಂಟೋನ್ಮೆಂಟಿಗೆ ಬಂದು ನಿಂತಿದ್ದು ಯಾಕೆ?

ಶುರುವಿನ ಭಾಗ ಬೇಗ ಹೇಳಿಬಿಡ್ತೀನಿ. 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ದಂಡು, ಅಂದರೆ ಸೈನ್ಯ ಇರುವ ಕಂಟೋನ್ಮೆಂಟ್ ಕಟ್ಟಿದರು. ಚಿಕ್ಕಪೇಟೆ, ಬಳೇಪೇಟೆ ಎಲ್ಲ ಇರುವ ಹಳೇ ಊರು ಅಲ್ಲಿಂದ ಪಶ್ಚಿಮಕ್ಕೆ, ಸಾಕಷ್ಟು ದೂರ. ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಹಳಿ ಹಾಕಿಕೊಂಡು 1864ರಲ್ಲಿ ಬಂದಾಗ ನೇರ ದಂಡಿಗೇ ಬಂತು. ಸೈನ್ಯ ಇದ್ದಿದ್ದು ಅಲ್ಲೇ ಅಲ್ವಾ? ಹಳಬರು ಈಗಲೂ ಅದನ್ನು ದಂಡು ಸ್ಟೇಷನ್ ಅಂತಲೇ ಕರೆಯುತ್ತಾರೆ.

ಸಿಟಿ ಸ್ಟೇಷನ್ನಿನ ಕಥೆ ಬೇರೆ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನನ್ನನ್ನು ಜಾಸ್ತಿ ಕಾಡಿದ್ದು ಈ ಭಾಗ. 1876ರಿಂದ 78ರವರೆಗೆ ಮೈಸೂರು ಸೀಮೆಗೆ ಭೀಕರ ಬರ ಬಂತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಾಗಬೇಕಿತ್ತು, ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾದರು! ರೈಲು ಬೆಂಗಳೂರಿನ ತನಕ ಧಾನ್ಯ ತಂದು ಹಾಕುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ, ಮೇವು ನೀರಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಹಳಿ ಮುಗಿದ ಕಡೆ ಅನ್ನವೂ ನಿಂತುಹೋಯಿತು.

ಆಗಲೇ ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸವನ್ನು ಬರ ಪರಿಹಾರದ ಕಾಮಗಾರಿಯಾಗಿ ಎತ್ತಿಕೊಂಡರು. ಹಸಿದ ಜನ ಮಣ್ಣು ಹೊತ್ತು ಏರಿ ಹಾಕಿದರು, ಅದರ ಕೂಲಿಯಲ್ಲಿ ಹೊಟ್ಟೆ ಹೊರೆದರು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ನಾವು ಕಿಟಕಿ ಪಕ್ಕ ಕೂತು ಮದ್ದೂರು ವಡೆ ತಿಂತಾ ಹೋಗುವ ದಾರಿ ಇದೇ. ಅಂದು ಮಣ್ಣು ಹೊತ್ತವರಲ್ಲಿ ಒಬ್ಬರ ಹೆಸರೂ ಸ್ಟೇಷನ್ನಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ಫಲಕವಾದರೂ ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈ ಮಾರ್ಗದ ಬೆಂಗಳೂರಿನ ತುದಿ ಪೇಟೆಯ ಮಗ್ಗುಲಲ್ಲಿ ಬಂತು, ಅದೇ ಸಿಟಿ ಸ್ಟೇಷನ್. ಆದರೆ ಒಂದು ತೊಡಕು. ಮದ್ರಾಸಿನ ಹಳಿ ಬ್ರಾಡ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಐದೂವರೆ ಅಡಿ ಅಗಲ. ಮೈಸೂರಿನದು ಮೀಟರ್ ಗೇಜ್, ಅಂದರೆ ಒಂದೇ ಮೀಟರ್ ಅಗಲ, ಖರ್ಚು ಕಡಿಮೆ ಅಂತ. ದಂಡಿನಿಂದ ಸಿಟಿಗೆ ಬ್ರಾಡ್ ಗೇಜ್ ಹಳಿ ಬಂದ ಮೇಲೂ ಒಂದರ ಬೋಗಿ ಇನ್ನೊಂದರ ಮೇಲೆ ಓಡುವ ಹಾಗಿರಲಿಲ್ಲ. ಮದ್ರಾಸಿನಿಂದ ಮೈಸೂರಿಗೆ ಹೋಗುವವರು ಇಲ್ಲಿ ಇಳಿದು ಗಂಟುಮೂಟೆ ಹೊತ್ತು ಇನ್ನೊಂದು ರೈಲು ಹತ್ತಬೇಕು. ಸರಕನ್ನೂ ಅಷ್ಟೇ, ಮೂಟೆ ಮೂಟೆಯಾಗಿ ಇಳಿಸಿ ಮತ್ತೆ ತುಂಬಬೇಕು. ಇದು ಸುಮಾರು ನೂರು ವರ್ಷ ನಡೆಯಿತು. ಮೈಸೂರು ಮಾರ್ಗ ಬ್ರಾಡ್ ಗೇಜ್ ಆಗಿದ್ದು 1990ರ ದಶಕದಲ್ಲಿ!

ಆಡಳಿತವೂ ಬೇರೆ ಬೇರೆ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದರೂ ದಂಡು ಪ್ರದೇಶ ಬ್ರಿಟಿಷರ ಹಿಡಿತದಲ್ಲೇ ಉಳಿಯಿತು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಟೈಮ್ ಆಗ್ತಾ ಬಂತು, ಉಳಿದಿದ್ದನ್ನು ಒಟ್ಟಿಗೆ ಹೇಳ್ತೀನಿ. ಎದುರಿನ ಕೆಂಪೇಗೌಡ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಅದಕ್ಕೆ ಬೇರೆಯೇ ವಿಡಿಯೋ ಬೇಕು. ಸ್ಟೇಷನ್ನಿಗೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು, ಹತ್ತು ಪ್ಲಾಟ್‌ಫಾರಂ. ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲಿಗೆ 2022ರ ನವೆಂಬರ್‌ನಲ್ಲಿ ಇಲ್ಲಿಂದಲೇ ಚಾಲನೆ ಸಿಕ್ಕಿತು. ಅದು ಓಡೋದು ಚೆನ್ನೈ–ಮೈಸೂರು ನಡುವೆ, ಬೆಂಗಳೂರಿನಲ್ಲಿ ಯಾರೂ ಇಳಿದು ರೈಲು ಬದಲಿಸಬೇಕಿಲ್ಲ.

ನಿಮ್ಮ ಮನೆಯ ಹಿರಿಯರು ಮೀಟರ್ ಗೇಜ್ ಕಾಲದಲ್ಲಿ ಇಲ್ಲಿ ರೈಲು ಬದಲಿಸಿದ್ದರೆ ಅವರನ್ನು ಕೇಳಿ ಕಾಮೆಂಟಿನಲ್ಲಿ ಬರೆಯಿರಿ, ಎಲ್ಲವನ್ನೂ ಓದ್ತೀನಿ.